ಹರಳಿನೊಳಗೆ ಕೊಬ್ಬಿದ ಬೆಳಕು

ಪಿಎಚ್.ಡಿ. ಬಹಳ ಸುಲಭದ ಕೆಲಸವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಜಮಖಂಡಿಯ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವವನಿಗೆ ಬೆಳಕಿನ ಲೆಕ್ಕ ಎಷ್ಟರದು! ನನ್ನ ವಿಷಯ ಸೀಮೆಸುಣ್ಣದ ಕಡ್ಡಿಯಂಥ ದುಂಡನೆಯ ಹರಳು. ಅದರ ಅಂಚಿನೊಳಗೆ ಬೆಳಕು ಗಿರಗಿರ ಸುತ್ತುತ್ತದೆ. ಹೇಗೆ ಸುತ್ತುತ್ತದೆಂದು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿದರೆ ಮುಗಿಯಿತು. ತೊಡಕು ಒಂದೇ. ಆ ಹರಳಿನಲ್ಲಿ ಬೆಳಕು ಒಂದು ದಿಕ್ಕಿಗೆ ಬೇಗ, ಇನ್ನೊಂದು ದಿಕ್ಕಿಗೆ ನಿಧಾನ.

"ಅದರಾಗೇನೈತ್ರಿ ಹೊಸಾದು?" ಎಂದಳು ಹೆಂಡತಿ ಶಾಂತಾ. "ನೀವೂ ಹಂಗ ಅದೀರಲ್ಲ. ಊಟಕ್ಕ ಲಗೂನ, ಸಂತಿಗೆ ಸಾವಕಾಶ."

ಕಾಲೇಜಿಗೆ ಇದ್ದದ್ದು ಒಂದೇ ಕಂಪ್ಯೂಟರು. ಅದರ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು, ಕಾಲೊರೆಸಿಕೊಂಡು ಹೋಗಬೇಕು. ನನ್ನ ಪ್ರೋಗ್ರಾಮಿಗೆ ಇಡೀ ಹಗಲು ಬೇಕು. ಕರೆಂಟು ಮಧ್ಯಾಹ್ನವೇ ಹೋಗುತ್ತಿತ್ತು. ಮರುದಿನ ಮತ್ತೆ ಮೊದಲಿನಿಂದ. ಹೀಗೇ ವರ್ಷಗಳು ಕಳೆದು ಜೀವ ಸಾಕಾಗಿತ್ತು. ಯುನಿವರ್ಸಿಟಿ ಕೊಟ್ಟ ಕೊನೆಯ ಗಡುವು ಆ ಬೇಸಿಗೆಗೆ ತೀರುತ್ತಿತ್ತು, ಆಮೇಲೆ ನೋಂದಣಿಯೇ ರದ್ದು.

ಒಂದು ದಿನ ಕರೆಂಟು ಹೋಗುವುದನ್ನೇ ಮರೆಯಿತು! ಉತ್ತರ ಬಂತು. ಬೆಳಕು ಸುತ್ತುತ್ತಲೇ ಇತ್ತು, ಪ್ರತಿ ಸುತ್ತಿಗೂ ಇನ್ನಷ್ಟು ಪ್ರಖರವಾಗಿ. ದಣಿದ ಕಣ್ಣಿಗೆ ಅನುಮಾನವೂ ಬರಲಿಲ್ಲ. "ಆತು, ಮುಗೀತು!" ಎಂದು ಮನೆಯಲ್ಲಿ ಬಾಯಿಬಿಟ್ಟೆ.

ನಮ್ಮ ಕಡೆ ಮೊದಲು ಸತ್ಕಾರ, ಆಮೇಲೆ ವಿಚಾರಣೆ. ಬನಹಟ್ಟಿಯಲ್ಲಿ ಮಗ್ಗ ನಡೆಸುವ ಮಾವನವರು ಸುದ್ದಿ ಕೇಳಿದ್ದೇ ತಡ, ನನ್ನ ಸತ್ಕಾರಕ್ಕೆ ಹಾಲ್ ಹಿಡಿದರು. ಮೈಕು, ಶಾಲು, ಹಾರ, ಹೋಳಿಗೆ ಊಟ. ಮುಖ್ಯ ಅತಿಥಿಯಾಗಿ ಧಾರವಾಡದಿಂದ ನನ್ನ ಗೈಡ್ ಸಾಹೇಬರನ್ನೇ ಕರೆಸಿದರು.

"ಮಾವಾರ, ಸಾಹೇಬ್ರು ಇನ್ನೂ ಲೆಕ್ಕ ನೋಡಿಲ್ರಿ..."

"ಬರ್ತಾರಲ್ರಿ ಅಳಿಯಂದ್ರ, ಇಲ್ಲೇ ನೋಡ್ತಾರ ತಗೋರಿ!"

ನೋಡಿದರು. ಮಾವನವರ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ನೋಡಿದರು. ಕಪ್ಪು ಕೆಳಗಿಟ್ಟರು.

"ಹರಳು ಬೆಳಕನ್ನ ಹೀರತದ, ಹೌದಿಲ್ಲೋ? ಸುತ್ತಿದಂಗ ಕಡಿಮಿ ಆಗಬೇಕು. ಇಲ್ಲಿ ಹೆಚ್ಚಾಗಲಿಕತ್ತದಲ್ಲೋ! ಎಲ್ಲಿಂದ ಬಂತಪಾ ಇದು?"

ಲೆಕ್ಕದ ಹಾಳೆ ಇಸಿದುಕೊಂಡು ನೋಡಿದೆ. ಮೈನಸ್ ಇರಬೇಕಾದಲ್ಲಿ ಪ್ಲಸ್ ಹಾಕಿದ್ದೆ! ಬೆಳಕು ಹೀರುವ ಹರಳನ್ನು ಬೆಳಕು ಹೆರುವ ಹರಳು ಮಾಡಿದ್ದೆ.

ಬಾಗಿಲಲ್ಲಿ ನಿಂತಿದ್ದ ಶಾಂತಾ, "ಕರೆಂಟ್ ಇಲ್ಲದ ಊರಾಗ ಬೆಳಕ ಹುಟ್ಟಿಸೀರಿ. ನಮ್ಮ ಅಡಗಿಮನಿಗೂ ಒಂದೀಟ ಕೊಡ್ರಿ" ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. ನನಗೂ ಅಳು ಬಂತು.

"ಗಡುವಿನೊಳಗ ತಿದ್ದಿ ಮತ್ತ ಓಡಸಲಿಕ್ಕೆ ಆಗ್ತದೇನು?" ಎಂದರು ಸಾಹೇಬರು, ಮೆತ್ತಗೆ. ಉಳಿದಿದ್ದದ್ದು ಒಂದು ವಾರ. ಕರೆಂಟನ್ನು ನೆನೆದು ಇಲ್ಲವೆಂದು ತಲೆಯಾಡಿಸಿದೆ. ಅಷ್ಟೂ ವರ್ಷಗಳ ದುಡಿಮೆ ಆ ಪಡಸಾಲೆಯಲ್ಲೇ ಮುಗಿಯಿತು.

ಆದರೆ ಹಾಲ್ ತುಂಬಿತ್ತು, ಹೋಳಿಗೆ ತಯಾರಾಗಿತ್ತು. ಮಾವನವರು ಕೂಡಲೇ ತೀರ್ಪು ಕೊಟ್ಟರು: ಸತ್ಕಾರ ಗೈಡ್ ಸಾಹೇಬರಿಗೆ! "ಅಳಿಯಂದ್ರ, ನೀವೂ ಸುಮ್ನ ಕೂಡಬ್ಯಾಡ್ರಿ, ಕಾರ್ಯಕ್ರಮ ನಿಮ್ಮದೈತಿ" ಎಂದು ನನಗೂ ಒಂದು ಕೆಲಸ ಹಚ್ಚಿದರು.

ಹೀಗೆ, ನನ್ನದೇ ಸತ್ಕಾರ ಸಮಾರಂಭದಲ್ಲಿ ವಂದನಾರ್ಪಣೆ ಮಾಡುವ ಸೌಭಾಗ್ಯ ನನ್ನದಾಯಿತು. ಛಲೋ ಮಾತಾಡಿದೆನಂತೆ!