ಸೈಕಲ್ ತುಳಿಯಲು ಬಿಡದ ಊರು

ಶ್ರೀರಂಗಪಟ್ಟಣದಲ್ಲಿ ಒಬ್ಬ ಮನುಷ್ಯ ತನ್ನ ಪಾಡಿಗೆ ತಾನು ಸೈಕಲ್ ತುಳಿಯುವುದು ಆಗದ ಮಾತು ಅನ್ನುವುದು ನನಗೆ ಗೊತ್ತಾದದ್ದು ಐವತ್ತು ದಾಟಿದ ಮೇಲೆ. ಪ್ರತಿ ಸಲವೂ ಏನಾದರೊಂದು ಆಗಿಯೇ ಆಗುತ್ತದೆ.

ನಾನು ಬಡಗಿ. ಕೋಟೆಯೊಳಗೆ ನನ್ನ ಅಂಗಡಿ. ಸುತ್ತಮುತ್ತಲ ಅರ್ಧ ಮನೆಗಳ ಬಾಗಿಲು ನಾನು ಮಾಡಿದ್ದು. ಹೋದ ವರ್ಷ ಶುಗರ್ ಬಂತು. ನಮ್ಮ ಡಾಕ್ಟರು ಪಾಂಡವಪುರದ ಕಡೆಯವರು, ಖಡಕ್ ಮನುಷ್ಯ. "ದಿನಾ ಬೆಳಿಗ್ಗೆ ಸೈಕಲ್ಲಲ್ಲಿ ಒಂದು ಸುತ್ತು ಹೊಡೀರಿ. ಮೂರು ತಿಂಗಳಲ್ಲಿ ಇಳೀಲಿಲ್ಲ ಅಂದ್ರೆ ಇನ್ಸುಲಿನ್ ಸೂಜೀನೇ" ಅಂದರು. ದಿನವಿಡೀ ಉಳಿ ಸುತ್ತಿಗೆ ಹಿಡಿಯುವವನು ನಾನು, ಆದರೆ ಸೂಜಿ ಕಂಡರೆ ಮಾರು ದೂರ ಓಡುತ್ತೇನೆ. ಅವತ್ತೇ ಅಟ್ಟದ ಮೇಲಿನ ಹಳೇ ಸೈಕಲ್ ಇಳಿಸಿದೆ.

ಸುತ್ತು ದೊಡ್ಡದೇನಲ್ಲ. ಕೋಟೆಯಿಂದ ಹೊರಟು ಗಂಜಾಂ, ನಿಮಿಷಾಂಬ, ಸಂಗಮ, ಗುಂಬಜ್, ಅಲ್ಲಿಂದ ವಾಪಸ್. ಒಂದು ಕಡೆ ಕಾವೇರಿ, ಇನ್ನೊಂದು ಕಡೆ ಗದ್ದೆ. ನೋಡುವುದಕ್ಕೆ ಬಹಳ ಚೆಂದ. ದಾರಿಯಿಂದ ನನಗೆ ಏನೂ ತೊಂದರೆಯಾಗಲಿಲ್ಲ. ತೊಂದರೆ ಆದದ್ದೆಲ್ಲ ದಾರಿಯಲ್ಲಿ ಸಿಕ್ಕವರಿಂದ.

೧. ಟ್ರಾಕ್ಟರು

ಮೊದಲನೇ ದಿನವೇ ಗಂಜಾಂ ಹತ್ತಿರ ಹಿಂದಿನಿಂದ ಟ್ರಾಕ್ಟರ್ ಬಂದು ನಿಂತಿತು. ಓಡಿಸುತ್ತಿದ್ದವನು ಬಾಬುರಾಯನಕೊಪ್ಪಲಿನ ಪರಿಚಯದವನು.

"ಯಾಕಣ್ಣ, ಸ್ಕೂಟ್ರು ಕೆಟ್ಟೋಯ್ತಾ?"

"ಇಲ್ಲ ಕಣಪ್ಪ, ಡಾಕ್ಟ್ರು ಸೈಕಲ್ ತುಳಿ ಅಂದವ್ರೆ."

"ಅವ್ರೇನು, ಕಾರಲ್ಲಿ ಓಡಾಡೋರು, ಏಳ್ತಾರೆ. ಅತ್ತು ಅತ್ತು, ಗಾಡಿ ಅತ್ತು."

ನಾನು ಬೇಡ ಅನ್ನುವಷ್ಟರಲ್ಲಿ ಅವನು ಇಳಿದು ಬಂದು ಸೈಕಲ್ಲನ್ನು ಟ್ರೇಲರಿಗೆ ಎತ್ತಿಹಾಕಿಬಿಟ್ಟಿದ್ದ. ಸೈಕಲ್ ಹೋದ ಮೇಲೆ ನಾನೊಬ್ಬ ರಸ್ತೆಯಲ್ಲಿ ನಿಂತು ಏನು ಮಾಡಲಿ? ನಾನೂ ಹತ್ತಿದೆ. ಅವನಿಗೆ ಸಂಗಮದ ಹತ್ತಿರ ಏನೋ ಕೆಲಸವಿತ್ತು. ಹಾಗಾಗಿ ಅಲ್ಲಿಂದ ಮುಂದಿನ ಸುತ್ತನ್ನೆಲ್ಲ ಟ್ರೇಲರಿನಲ್ಲಿ ನಿಂತೇ ಮುಗಿಸಿದೆ. ಮನೆ ಮುಂದೆ ಇಳಿದಾಗ ನನ್ನ ಹೆಂಡತಿ ಗಡಿಯಾರ ನೋಡಿ, "ಪರ್ವಾಗಿಲ್ವೇ, ಮೊದಲ್ನೇ ದಿನವೇ ಇಷ್ಟು ಬೇಗ ಸುತ್ಕೊಂಡು ಬಂದ್ಬುಟ್ರಲ್ಲ" ಅಂದಳು.

೨. ಬೀಗರು

ಮಗಳನ್ನು ನಾಗಮಂಗಲಕ್ಕೆ ಕೊಟ್ಟಿದ್ದೇವೆ. ನಾನು ಸೈಕಲ್ಲಿನಲ್ಲಿ ಓಡಾಡುವ ಸುದ್ದಿ ಒಂದು ವಾರದೊಳಗೆ ಅಲ್ಲಿಗೆ ಮುಟ್ಟಿತ್ತು. ಬೀಗರು ಮುಖ ಸಪ್ಪಗೆ ಮಾಡಿಕೊಂಡು ಬಂದು ಕೂತರು. ನೀರು ಕೊಟ್ಟರೂ ಕುಡಿಯಲಿಲ್ಲ.

"ಬೀಗ್ರೇ, ಏನೇ ಕಷ್ಟ ಇದ್ರೂ ನಮ್ತಾವ ಏಳ್ಬಾರ್ದಾ? ನಾವೇನು ಒರಗಿನೋರಾ?"

ಸ್ಕೂಟರ್ ಒಳಗೇ ಇದೆ ಅಂತ ಕರೆದುಕೊಂಡು ಹೋಗಿ ತೋರಿಸಿದೆ. ನಂಬಲಿಲ್ಲ. ಮಾನಕ್ಕೆ ಅಂಜಿ ಯಾರದ್ದೋ ತಂದು ನಿಲ್ಲಿಸಿದ್ದೇನೆ ಅಂದುಕೊಂಡರೋ ಏನೋ. ಹೋಗುವಾಗ ತಾವು ಓಡಿಸಿಕೊಂಡು ಬಂದಿದ್ದ ಹಳೇ ಮೊಪೆಡ್ಡನ್ನು ನಮ್ಮ ಅಂಗಳದಲ್ಲೇ ಬಿಟ್ಟು ಬಸ್ಸಿಗೆ ಹೋದರು. ಬೀಗರು ಬಂದ ಮನೆಯಲ್ಲಿ ಒಬ್ಬಟ್ಟು ಮಾಡದೆ ಇರುವುದಕ್ಕಾಗುತ್ತದೆಯೇ? ಅವರು ಎರಡು ತಿಂದರು. ಜೊತೆಗೆ ಕೂತ ತಪ್ಪಿಗೆ ನಾನು ನಾಲ್ಕು ತಿಂದೆ.

೩. ಆಲೆಮನೆ

ಗದ್ದೆ ಬಯಲಿನಲ್ಲಿ ಒಂದು ಆಲೆಮನೆ ಇದೆ. ಬೆಲ್ಲ ಕಾಯಿಸುವ ಹೊತ್ತಿನಲ್ಲಿ ಅದರ ಮುಂದೆ ಹಾದುಹೋದವರನ್ನು ಬಾಯಿ ಸಿಹಿ ಮಾಡದೆ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ನಾನು ತಲೆ ತಗ್ಗಿಸಿ ಜೋರಾಗಿ ತುಳಿದೆ. ಆದರೂ ಆಲೆಮನೆಯ ಯಜಮಾನ ಎಲೆಯಲ್ಲಿ ಬಿಸಿ ಬೆಲ್ಲ ಹಿಡಿದು ರಸ್ತೆಗೇ ಬಂದುಬಿಟ್ಟ.

"ನಂಗೆ ಶುಗರ್ ಐತೆ ಕಣಯ್ಯ, ಬುಟ್ಬುಡು" ಅಂದೆ.

"ನಂಗಿಲ್ವಾ? ಅತ್ತು ವರ್ಷದಿಂದ ಐತೆ. ದಿನಾ ತಿಂತೀನಿ. ಏನಾಗೈತೆ ನೋಡು, ಕಲ್ಲಿದ್ದಂಗೆ ಇವ್ನಿ."

ನೋಡಿದೆ. ಬಲಗಾಲಿಗೆ ಮೊಣಕಾಲಿನವರೆಗೆ ಬ್ಯಾಂಡೇಜ್ ಸುತ್ತಿತ್ತು.

೪. ವೇಷ

ಗುರುತು ಸಿಗದಂತೆ ಹೋಗಿ ಅಂತ ಹೆಂಡತಿಯೇ ಉಪಾಯ ಹೇಳಿದಳು. ಬೆಂಗಳೂರಿನಿಂದ ಭಾನುವಾರ ಬರುವ ಸೈಕಲ್ಲಿನವರ ಹಾಗೆ ಹೆಲ್ಮೆಟ್ಟು, ಕಪ್ಪು ಕನ್ನಡಕ, ಮೈಗಂಟುವ ಚಡ್ಡಿ. ನಿಜವಾಗಿಯೂ ಯಾರೂ ಮಾತಾಡಿಸಲಿಲ್ಲ. ಎಷ್ಟು ಹಾಯಾಗಿತ್ತು! ಅರ್ಧ ಸುತ್ತು ಆಗಿತ್ತು, ಒಬ್ಬ ಅಜ್ಜಿ ರಸ್ತೆಗೆ ಅಡ್ಡ ನಿಂತಳು.

"ಲೇ ಆಚಾರಿ, ಇಳಿಲಾ ಕೆಳಗೆ. ಮಳೆ ಬಂದಾಗ್ಲಿಂದ ಬಾಗ್ಲು ಆಕಕ್ಕಾಯ್ತಿಲ್ಲ."

"ನಾನೇ ಅಂತ ಎಂಗ್ ಗೊತ್ತಾಯ್ತಜ್ಜಿ?"

"ಊರು ನೋಡಕ್ ಬಂದೋರು ಒಳೆ ನೋಡ್ಕಂಡ್ ಓಯ್ತಾರೆ. ನೀನೊಬ್ಬ ಮನೆಮನೆ ಬಾಗ್ಲು ನೋಡ್ಕಂಡ್ ಬತ್ತಿದ್ದೆ."

ಅಂಗಡಿಯಿಂದ ಹತ್ಯಾರ ತರಿಸಿ, ಆ ಚಡ್ಡಿಯಲ್ಲೇ ಕೂತು ಬಾಗಿಲು ಕಳಚಿ, ಅಂಚು ಉಜ್ಜಿ, ಮತ್ತೆ ಕೂರಿಸಿ ಬಂದೆ. ಬೀದಿಯವರೆಲ್ಲ ನಿಂತು ನೋಡಿದರು.

೫. ಡಾಕ್ಟರು

ಮೂರು ತಿಂಗಳು ಮುಗಿಯಿತು. ರಕ್ತ ಪರೀಕ್ಷೆಯ ದಿನವಾದರೂ ಒಂದು ಸುತ್ತು ಪೂರ್ತಿ ಮಾಡಲೇಬೇಕು ಅಂತ ಹಟ ತೊಟ್ಟು, ಖಾಲಿ ಹೊಟ್ಟೆಯಲ್ಲಿ ಬೇಗನೆ ಹೊರಟೆ. ನಿಮಿಷಾಂಬ ದಾಟುವಾಗ ಪಕ್ಕದಲ್ಲಿ ಒಂದು ಕಾರು ನಿಂತಿತು. ಗಾಜು ಇಳಿಯಿತು. ಡಾಕ್ಟರು! ದೇವಸ್ಥಾನಕ್ಕೆ ಬಂದಿದ್ದರಂತೆ.

"ಏನ್ರೀ ಇದು, ಇಷ್ಟು ದೂರ ತುಳ್ಕೊಂಡು ಬಂದಿದ್ದೀರಾ? ಹತ್ತಿ, ಹತ್ತಿ. ಕ್ಲಿನಿಕ್ಕಿಗೆ ತಾನೇ?"

ಡಾಕ್ಟರಿಗೆ ಎದುರು ಮಾತಾಡುವುದು ಹೇಗೆ? ಸೈಕಲ್ಲನ್ನು ಅವರೇ ಡಿಕ್ಕಿಗೆ ತುರುಕಿ ಹಗ್ಗ ಕಟ್ಟಿದರು. ದಾರಿಯಲ್ಲಿ ದೊನ್ನೆ ಮುಂದೆ ಹಿಡಿದು, "ತಗೊಳ್ಳಿ, ಪ್ರಸಾದ, ಬೇಡ ಅನ್ಬಾರ್ದು" ಅಂದರು. ಸಿಹಿ ಪೊಂಗಲ್. ತುಪ್ಪ ಸೋರುತ್ತಿತ್ತು. ಡಾಕ್ಟರೇ ಕೊಟ್ಟದ್ದು ಅಂತ ಧೈರ್ಯವಾಗಿ ತಿಂದೆ.

ರಿಪೋರ್ಟ್ ಬಂತು. ಕನ್ನಡಕ ಹಾಕಿಕೊಂಡು ನೋಡಿದವರೇ ಸಿಡಿದರು. "ಏನ್ರೀ ಇದು, ಮೊದಲಿಗಿಂತ ಜಾಸ್ತಿ ಆಗಿದೆ! ಬೆಳಿಗ್ಗೆ ಏನು ತಿಂದ್ರಿ?"

"ನೀವು ಕೊಟ್ಟ ಪೊಂಗಲ್ ಸಾರ್."

"ಸೈಕಲ್ ತುಳೀತಿದ್ದೀರೋ ಇಲ್ವೋ?"

"ತುಳೀತಿದ್ದೆ ಸಾರ್, ನೀವು ಬಂದು ಹತ್ತಿಸ್ಕೊಂಡ್ರಿ."

ಅವರು ರಿಪೋರ್ಟನ್ನು ಮಗುಚಿ ಹಾಕಿ, "ಈ ಪರೀಕ್ಷೆ ಲೆಕ್ಕಕ್ಕಿಲ್ಲ. ಇನ್ನೊಂದು ತಿಂಗಳು ಕೊಡ್ತೀನಿ. ಆದ್ರೆ ಯಾರೇ ಕರೆದ್ರೂ ಗಾಡಿ ಹತ್ತಬಾರದು. ಯಾರೇ ಆಗ್ಲಿ! ಇಲ್ಲಾಂದ್ರೆ ಸೂಜಿ ಗ್ಯಾರಂಟಿ" ಅಂದರು.

ಸೂಜಿ ತಪ್ಪಿತಲ್ಲ ಅನ್ನುವ ಖುಷಿಯಲ್ಲಿ ಹೊರಗೆ ಬಂದು ಸೈಕಲ್ ಹತ್ತಿದೆ. ಹತ್ತು ಮಾರು ಹೋಗಿರಲಿಲ್ಲ, ಹಿಂದಿನಿಂದ ಹಾರ್ನ್ ಕೇಳಿಸಿತು. ಡಾಕ್ಟರು ಕಾರಿನಿಂದ ತಲೆ ಹೊರಗೆ ಹಾಕಿದ್ದರು.

"ಈ ಬಿಸಿಲಲ್ಲಿ ಎಲ್ಲಿ ತುಳ್ಕೊಂಡು ಹೋಗ್ತೀರ್ರೀ? ಬನ್ನಿ, ಮನೆ ಹತ್ರ ಬಿಟ್ಬುಡ್ತೀನಿ."