ಕಸದ ಪಟ್ಟಿ, ಹೊಟ್ಟೆಕಿಚ್ಚಿನ ಬಾಕಿ

ಕಸಕ್ಕೂ ಹೊಟ್ಟೆಕಿಚ್ಚಿಗೂ ಒಂದೇ ಗುಣ. ಮುಂಜಾನೆ ಗುಡಿಸಿ ಹೊರಗೆ ಹಾಕಿದರೆ ಸಂಜೆಗೆ ಮತ್ತೆ ಮನೆಯೊಳಗೇ ಇರುತ್ತದೆ. ಇದು ನನಗೆ ಗೊತ್ತಾದದ್ದು ನಿಜಾಮರ ರಾಜ್ಯದಲ್ಲಿ, ಯಜಮಾನರ ನೌಕರಿಯ ದೆಸೆಯಿಂದ. ಓಣಿಯ ಕಸ ಎತ್ತಿಸಿದ್ದಕ್ಕೆ ಮನೆಮನೆಗೆ ಸಫಾಯಿ ಪಟ್ಟಿ ಎಂಬ ತೆರಿಗೆ ಹಾಕುತ್ತಿದ್ದರು. ಕೊಡದವರಿಂದ ಅದನ್ನು ವಸೂಲು ಮಾಡುವುದು ನಮ್ಮವರ ಕೆಲಸ. ನಾನು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಅವರ ವರ್ಗಾವಣೆಗಳು ಸಾಲದೆ ನಡುನಡುವೆ ಪಂಢರಪುರ, ಹೈದರಾಬಾದು, ಮುಂಬಯಿ ಅಂತ ಹೋಗಿಬರುತ್ತಿದ್ದೆ. ಎಷ್ಟು ಊರು ಕಂಡರೇನು, ಇನ್ನೊಬ್ಬಳ ಮನೆಯಲ್ಲಿ ನಮ್ಮನೆಗಿಂತ ಚೆಂದದ್ದು ಒಂದು ಕಂಡರೆ ಸಾಕು, ಅಂದು ಊಟ ರುಚಿಸುತ್ತಿರಲಿಲ್ಲ.

೧. ಜಹೀರಾಬಾದಿನ ಹಂಡೆ

ಇಲ್ಲಿ ಪಟ್ಟಿ ಕೊಡದಿದ್ದರೆ ಮನೆಯ ಒಂದು ಪಾತ್ರೆ ಜಪ್ತಿ. ಒಂದೇ ಗೋಡೆಯ ಆಚೆ ಈಚೆ ಅಣ್ಣತಮ್ಮಂದಿರ ಹೆಂಡರಿಬ್ಬರು ಇದ್ದರು. ಹಿರಿಯಳು ತಿಂಗಳುಗಟ್ಟಲೆ ಸತಾಯಿಸಿದಳು. ಜವಾನರು ಅವಳ ತಾಮ್ರದ ಹಂಡೆ ಹೊತ್ತು ತಂದು ಕಚೇರಿಯ ಕಟ್ಟೆಯ ಮೇಲೆ ಇಟ್ಟರು. ನಾಲ್ಕು ಮಂದಿ ನೋಡಲಿ, ಅವಳಿಗೆ ನಾಚಿಕೆಯಾಗಲಿ ಎಂಬುದು ಉದ್ದೇಶ. ಆದರೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಂಡೆ, ಬಿಸಿಲಿಗೆ ಹೊಳೆಯತೊಡಗಿತು. ನ್ಯಾಲ್ಕಲ್ ಕಡೆಯಿಂದ ಬಾಜಾರಿಗೆ ಬಂದ ಹೆಂಗಸರೆಲ್ಲ ನಿಂತು, "ಯಾರ ಮನೀದವ್ವ ಇದು?" ಅಂತ ಕೇಳಿಯೇ ಮುಂದೆ ಹೋಗುತ್ತಿದ್ದರು. ನಾನೂ ಎರಡು ಸಲ ನೋಡಿ ಬಂದೆ.

ಮರುದಿನ ಕಿರಿಯಳು ಕಚೇರಿಗೆ ಬಂದಳು.

"ನಮ್ಮ ಮನಿಗಿ ಯಾಕ ಜಪ್ತಿ ಬಂದಿಲ್ರಿ?"

"ನೀವು ಪಟ್ಟಿ ಕಟ್ಟೀರಲ್ಲ ತಾಯಿ," ಅಂದರು ನಮ್ಮವರು.

"ಹಂಗಾದ್ರ ಕಟ್ಟಿದ್ದು ವಾಪಸ್ ಕೊಡ್ರಿ. ನಮ್ಮ ಹಂಡೆ ಅಕೀದಕ್ಕಿಂತ ಎರಡು ಕೊಡ ಹೆಚ್ಚು ಹಿಡೀತದ."

೨. ನಾರಾಯಣಖೇಡದ ತಿಪ್ಪೆ

ಹಂಡೆಯಿಂದ ಬುದ್ಧಿ ಕಲಿತ ನಮ್ಮವರು ನಾರಾಯಣಖೇಡದಲ್ಲಿ ಬೇರೆ ದಾರಿ ಹಿಡಿದರು. ಪಟ್ಟಿ ಕೊಡದವರ ಮನೆಯ ಕಸವನ್ನು ಗಾಡಿಯವನು ಮುಟ್ಟಬಾರದು. ನಾತಕ್ಕೆ ಹೆದರಿ ತಾವೇ ಬಂದು ಕೊಡುತ್ತಾರೆ ಎಂಬ ಲೆಕ್ಕ.

ಒಬ್ಬ ಮುದುಕ ಕೊಡಲಿಲ್ಲ. ಅವನ ಬಾಗಿಲಲ್ಲಿ ಬೂದಿ, ಕುರಿಹಿಕ್ಕೆ, ಜೋಳದ ರವದಿ ಎಲ್ಲ ಸೇರಿ ಆಳೆತ್ತರದ ತಿಪ್ಪೆ ಎದ್ದಿತು. ಪಟ್ಟಿ ಕಟ್ಟಿದ ನೆರೆಯವರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಬಿತ್ತನೆಯ ಹೊತ್ತಿಗೆ ಕಂಗ್ಟಿ ಕಡೆಯ ರೈತನೊಬ್ಬ ಬಂಡಿ ತಂದು, ತಿಪ್ಪೆ ತುಂಬಿಕೊಂಡು, ಮುದುಕನಿಗೆ ಒಂದು ಚೀಲ ಜೋಳ ಇಳಿಸಿ ಹೋದ.

ಅಂದಿನಿಂದ ಓಣಿಯಲ್ಲಿ ಯಾರೂ ನಗಲಿಲ್ಲ. ಪಟ್ಟಿ ಕೇಳಲು ಹೋದ ನಮ್ಮವರಿಗೆ ಹೆಂಗಸೊಬ್ಬಳು ಬಾಗಿಲಿಗೆ ಅಡ್ಡ ನಿಂತು, "ನಮ್ಮ ಕಸ ಮುಟ್ಟಿದ್ರ ನೋಡ್ರಿ. ಇಷ್ಟು ದಿನ ನಮ್ಮ ಜೋಳಾನೂ ಒಯ್ದು, ಮ್ಯಾಲ ರೊಕ್ಕಾನೂ ಒಯ್ದೀರಿ," ಅಂದಳು.

ಆ ತಿಂಗಳು ಇಡೀ ಓಣಿ ಪಟ್ಟಿ ನಿಲ್ಲಿಸಿತು. ಮೇಲಿನವರು ನಮ್ಮನ್ನೇ ಎತ್ತಿ ತಾಂಡೂರಿಗೆ ಹಾಕಿದರು. ನಾರಾಯಣಖೇಡದಲ್ಲಿ ಗಾಡಿ ಹೇಳಿದ ಹೊತ್ತಿಗೆ ಬಂದದ್ದು, ನಮ್ಮ ಸಾಮಾನು ಹೇರಿಕೊಳ್ಳಲು, ಅದೊಂದೇ ಸಲ.

೩. ತಾಂಡೂರಿನ ಬಾಕಿ ಮನೆ

ತಾಂಡೂರಿಗೆ ಬಂದ ಮೇಲೆ ನಾನು ಅಣ್ಣನ ಮನೆಗೆಂದು ರೈಲು ಹತ್ತಿ ಗುಲ್ಬರ್ಗಕ್ಕೆ ಹೋದೆ, ಎರಡು ತಿಂಗಳು ಬಿಟ್ಟು ಬಂದೆ. ಹೆಂಡತಿ ಇಲ್ಲದ ಗಂಡ ಸೊರಗಿರಬೇಕು. ನಮ್ಮವರಿಗೆ ಹೊಟ್ಟೆ ಬಂದಿತ್ತು.

ವಾರಕ್ಕೊಮ್ಮೆ ಅದೇ ಒಂದು ಮನೆಗೆ ವಸೂಲಿಗೆ ಹೋಗುತ್ತಿದ್ದರು. ಬಂದವರು, "ಇವತ್ತೂ ಕೊಡಲಿಲ್ಲ. ಹಸಿವಿಲ್ಲ ನನಗ," ಅನ್ನುವರು. ಮೀಸೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಹೊಡೆಯುತ್ತಿತ್ತು.

"ಆ ಮನ್ಯಾಗ ಯಾರದಾರ್ರಿ?"

"ಒಬ್ಬಾಕಿ ಹೆಣ್ಮಗಳು. ಭಾಳ ಗಟ್ಟಿ ಆಸಾಮಿ."

ನನ್ನ ಎದೆಯಲ್ಲಿ ಒಲೆ ಹತ್ತಿತು. ಮುಂಬಯಿ ನೋಡಿ ಬಂದವಳು ನಾನು, ತಾಂಡೂರಿನ ಒಬ್ಬಾಕಿಗೆ ಗಂಡನನ್ನು ಬಿಟ್ಟುಕೊಡುವುದೇ? "ಈ ವಾರ ನಾನೇ ವಸೂಲು ಮಾಡಿ ತರ್ತೀನಿ," ಅಂದೆ. ಅವರು ಬೇಡ ಅಂದ ರೀತಿಗೆ ಒಲೆ ಇನ್ನೂ ಉರಿಯಿತು. ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು ಹೊರಟೆ.

ಬಾಗಿಲು ತೆರೆದವಳಿಗೆ ನನ್ನ ಅತ್ತೆಯ ವಯಸ್ಸು. ಮುಂದಿನ ಎರಡು ಹಲ್ಲಿಲ್ಲ. ಒಂದು ಗಳಿಗೆ ಸಮಾಧಾನವಾಯಿತು. ಅಷ್ಟರಲ್ಲಿ ಒಳಗಿನಿಂದ ತೊಗರಿಬೇಳೆ ಕುದಿಯುವ ಘಮ ಬಂತು, ಸಮಾಧಾನ ಹೋಯಿತು. ಚೆಲುವೆಯಾಗಿದ್ದರೆ ಜಗಳ ಆಡಬಹುದಿತ್ತು. ಬೇಳೆಯ ಜೊತೆ ಏನು ಆಡುವುದು?

"ಪಟ್ಟಿ ಬಾಕಿ ಅದ," ಅಂದೆ, ಬಿಗಿಯಾಗಿ.

ಗೂಡಿನಲ್ಲಿದ್ದ ರೊಕ್ಕ ತೆಗೆದು ಮುಂದೆ ಹಿಡಿದಳು. "ಮೊದಲನೇ ದಿನಾನೇ ತೆಗೆದಿಟ್ಟೀನವ್ವ. ನಿಮ್ಮವರೇ ಒಲ್ಲೆ ಅಂತಾರ. ಇದು ಕಟ್ಟಿಬಿಟ್ರ ಮತ್ತ ಇಲ್ಲಿ ಬರಾಕ ನೆವ ಏನದ ಅಂತಾರ. ನಾನೂ ಒಬ್ಬಾಕೀನೇ, ಕುಂತು ಉಣ್ಣವರು ಇದ್ರ ಚಲೋ ಅಂತ ಸುಮ್ನದೀನಿ. ನೀವು ಊರೂರು ತಿರಗತೀರಂತ. ಪಾಪ, ಅವರಿಗಿ ಉಣಾಕ ಯಾರು ಹಾಕ್ತಾರ?"

ಆ 'ಪಾಪ' ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿತು. ರೊಕ್ಕಕ್ಕೆ ಕೈಚಾಚಿದೆ.

"ಬಿಸಿರೊಟ್ಟಿ ಅದ. ಉಂಡು ಹೋಗವ್ವ."

ಉಂಡೆ. ಮೂರು ರೊಟ್ಟಿ. ಮೂರನೆಯದರ ಹೊತ್ತಿಗೆ ಗಂಡನ ಮೇಲಿನ ಸಿಟ್ಟು ಹೋಗಿ, ಎರಡು ತಿಂಗಳು ಅವರೊಬ್ಬರೇ ಇದನ್ನು ಉಂಡರಲ್ಲ ಎಂಬ ಸಂಕಟ ಶುರುವಾಗಿತ್ತು.

ಮನೆಯಲ್ಲಿ ನಮ್ಮವರು ಬಾಗಿಲಲ್ಲೇ ನಿಂತಿದ್ದರು.

"ವಸೂಲಾತೇನು?"

"ಇಲ್ರಿ. ಭಾಳ ಗಟ್ಟಿ ಆಸಾಮಿ. ಇನ್ನ ಮ್ಯಾಲ ಆ ಮನಿಗಿ ನಾನೇ ಹೋಗ್ತೀನಿ. ನೀವು ಬರಬ್ಯಾಡ್ರಿ."

ಅವರು ನನ್ನ ಸೆರಗಿನ ಮೇಲಿನ ಹಳದಿ ಕಲೆಯನ್ನು ಬಹಳ ಹೊತ್ತು ನೋಡಿದರು. ಮದುವೆಯಾದಾಗಿನಿಂದ ಅವರ ಮುಖದಲ್ಲಿ ಅಂಥ ಹೊಟ್ಟೆಕಿಚ್ಚು ಕಂಡಿರಲಿಲ್ಲ.

"ಇವತ್ತ ಬ್ಯಾಳಿಗಿ ಮಾವಿನಕಾಯಿ ಹಾಕಿದ್ಳೇನು?" ಅಂದರು.