ಬ್ರೇಕ್ ಒತ್ತಿದವನ ಹೃದಯಾಘಾತದ ಕುರಿತು

ವೈದ್ಯಕೀಯ ವೆಚ್ಚ ಮರುಪಾವತಿ ಶಾಖೆಯ ಮಾನ್ಯ ಅಧೀಕ್ಷಕರೇ,

ರಾಮ್ ರಾಮ್. ತಮ್ಮ ರಕ್ತದೊತ್ತಡ, ಸಕ್ಕರೆ ಮತ್ತು ಮುಖ್ಯವಾಗಿ ತಮ್ಮ ಹೃದಯ ಸುಸ್ಥಿತಿಯಲ್ಲಿವೆಯೆಂದು ನಂಬಿ, ಅವು ಸದಾ ಹಾಗೆಯೇ ಇರಲೆಂದು ಹಾರೈಸಿ, ಸರ್ಕಾರಿ ಬಸ್ಸಿನ ಚಾಲಕ ಹೋಶಿಯಾರ್ ಸಿಂಗ್ ಆದ ನಾನು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಬಹಿರಂಗವಾಗಿ ಏಕೆಂದರೆ, ಇದುವರೆಗೆ ಖಾಸಗಿಯಾಗಿ ಬರೆದವುಗಳು ತಮ್ಮ ಶಾಖೆಯಲ್ಲಿ ಎಷ್ಟು ಖಾಸಗಿಯಾಗಿ ಉಳಿದವೆಂದರೆ, ಹುಡುಕಿದಾಗ ತಮಗೂ ಸಿಗಲಿಲ್ಲ.

ನಡೆದದ್ದು ತಮಗೆ ಗೊತ್ತೇ ಇದೆ. ಆದರೂ ಕಡತದಲ್ಲಿ ಓದಿದ್ದಕ್ಕಿಂತ ಸ್ವಲ್ಪ ಬೇರೆ ರೀತಿಯಲ್ಲಿ ನಡೆಯಿತಾದ್ದರಿಂದ ಹೇಳಲು ಅಪ್ಪಣೆ ಬೇಡುತ್ತೇನೆ. ಗೋಧಿ ಕೊಯ್ಲಿನ ದಿನಗಳಲ್ಲಿ ಕೈಥಲ್ ಕಡೆಗೆ ತುಂಬಿದ ಬಸ್ಸು ತೆಗೆದುಕೊಂಡು ಹೊರಟಿದ್ದೆ. ಕಾಲುವೆಯ ಸೇತುವೆ ಎದುರಿಗೆ ಬರುತ್ತಿದ್ದಂತೆ ಯಾರೋ ಎದೆಯ ಮೇಲೆ ಎಮ್ಮೆ ಮಲಗಿಸಿದ ಹಾಗಾಯಿತು, ಎಡಗೈ ನನ್ನ ಮಾತು ಕೇಳದಾಯಿತು. ಕಣ್ಣು ಪೂರ್ತಿ ಕತ್ತಲಾಗುವ ಮೊದಲು ಬಸ್ಸನ್ನು ರಸ್ತೆಯ ಅಂಚಿಗೆ ಎಳೆದು, ಬ್ರೇಕ್ ಒತ್ತಿ, ಸ್ಟಿಯರಿಂಗ್ ಮೇಲೆ ಕವುಚಿ ಬಿದ್ದೆ. ಮುಂದಿನದನ್ನು ಕಂಡಕ್ಟರ್ ಜಿಲೇ ಸಿಂಗ್ ಹೇಳಿದಂತೆ ಬರೆಯುತ್ತಿದ್ದೇನೆ. ಟಿಕೆಟ್ ಹರಿಯುವುದರಲ್ಲಿ ಗಟ್ಟಿಗನಾದ ಆತನಿಗೆ ಬಸ್ಸು ಓಡಿಸಲು ಬಾರದಾದ್ದರಿಂದ, "ಡ್ರೈವಿಂಗ್ ಯಾರಿಗ್ರಪ್ಪಾ ಬರುತ್ತೆ?" ಎಂದು ಕೂಗಿಕೊಂಡನಂತೆ, ಹಿಂದಿನ ಸೀಟಿನಿಂದ ಗೋಧಿ ಕಟಾವಿನ ಯಂತ್ರ ಓಡಿಸುವವನೊಬ್ಬ ಎದ್ದು ಬಂದನಂತೆ. ಮುಂದಿನ ಸೀಟಿನಲ್ಲಿದ್ದ ಪಕ್ಕದ ಹಳ್ಳಿಯ ಭರ್ಪಾಯಿ ದೊಡ್ಡಮ್ಮ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆನ್ನೆಗೆ ಬಾರಿಸುತ್ತ, "ಲೋ ಹೋಶಿಯಾರ್, ಕಣ್ಣು ಬಿಡೋ! ಮೊಮ್ಮಗಳ ನಿಶ್ಚಿತಾರ್ಥಕ್ಕೆ ಹೊರಟಿದೀನಿ, ಸಾವಿನ ಮನೆ ಮಾಡಬೇಡ್ವೋ!" ಎಂದು ಬೈಯುತ್ತಿದ್ದದ್ದು ಮಾತ್ರ ನನಗೂ ಮಸುಕಾಗಿ ನೆನಪಿದೆ.

ಕಟಾವಿನವನು ಬಸ್ಸನ್ನು ಗೋಧಿ ಹೊಲಕ್ಕೆ ನುಗ್ಗಿಸಿದಂತೆ ಕಣ್ಣಿಗೆ ಬಿದ್ದ ಮೊದಲ ಆಸ್ಪತ್ರೆಯೊಳಗೆ ನುಗ್ಗಿಸಿದ. ಅದು ಖಾಸಗಿಯದೆಂದು ಬೋರ್ಡು ಹೇಳುತ್ತಿತ್ತು. ಯಾರೂ ಓದಲಿಲ್ಲ, ನಾನಂತೂ ಓದುವ ಸ್ಥಿತಿಯಲ್ಲಿರಲಿಲ್ಲ. ಗೇಟಿನ ಒಂದು ಕಂಬ ಉರುಳಿತು, ನಾನು ಉಳಿದೆ. ಬಿಲ್ಲು ಕಟ್ಟದೆ ಮನೆಗೆ ಕಳಿಸುವುದಿಲ್ಲವೆಂದಾಗ ನನ್ನ ಹೆಂಡತಿ ಸಂತ್ರೋ ಕೊಟ್ಟಿಗೆಯಲ್ಲಿದ್ದ ಒಂದೇ ಒಂದು ಮುರ್ರಾ ತಳಿಯ ಎಮ್ಮೆಯನ್ನು ಮಾರಿದಳು. ನಮ್ಮ ಮನೆಯ ಚಹಾ ಈಗ ಪ್ಯಾಕೆಟ್ ಹಾಲಿನದು. ನೆಂಟರು ಬಂದರೆ ಅವಳು ತಲೆಯೆತ್ತದೆ ಲೋಟ ಇಟ್ಟು ಹೋಗುತ್ತಾಳೆ.

ಇಷ್ಟಾದ ಮೇಲೆ ಸಲ್ಲಿಸಿದ ಅರ್ಜಿಗೆ ತಾವು ಬರೆದ ಆಕ್ಷೇಪಣೆಯನ್ನು ಓದಿ ಬೆರಗಾದವರಲ್ಲಿ ನಾನೂ ಒಬ್ಬ. "ಅರ್ಜಿದಾರರು ತಾವೇ ಬ್ರೇಕ್ ಹಾಕಿ ವಾಹನವನ್ನು ಸುರಕ್ಷಿತವಾಗಿ ನಿಲ್ಲಿಸಿರುವುದರಿಂದ ಅವರಿಗೆ ಪ್ರಜ್ಞೆಯಿತ್ತೆಂದು ತಿಳಿದುಬರುತ್ತದೆ, ಪ್ರಜ್ಞೆಯಿದ್ದ ನೌಕರರು ಪೂರ್ವಾನುಮತಿ ಪಡೆದು ಸರ್ಕಾರಿ ಆಸ್ಪತ್ರೆಗೆ ಹೋಗಬಹುದಾಗಿತ್ತು." ಎಂಥ ಸೂಕ್ಷ್ಮ ದೃಷ್ಟಿ ತಮ್ಮದು! ಹೃದಯದ ವೈದ್ಯರು ಯಂತ್ರವಿಟ್ಟು ಕಂಡುಹಿಡಿಯಲಾರದ್ದನ್ನು ತಾವು ಕುರ್ಚಿಯಿಂದ ಏಳದೆ ಕಂಡುಹಿಡಿದಿರಿ.

ಸಮಜಾಯಿಷಿ ಕೊಡಲು ಬಂದಾಗ ತಾವು, "ಹೆಸರೇ ಹೋಶಿಯಾರ್ ಅಂತೆ! ಹುಷಾರಿರಲಿಲ್ಲ ಅಂದ್ರೆ ಯಾರಯ್ಯಾ ನಂಬ್ತಾರೆ?" ಎಂದಿರಿ, ಶಾಖೆಯೆಲ್ಲ ನಕ್ಕಿತು, ನಗುವುದು ಹೃದಯಕ್ಕೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರಿಂದ ನಾನೂ ನಕ್ಕೆ. "ಸಾಹೇಬ್ರೇ, ಸರ್ಕಾರಿ ಆಸ್ಪತ್ರೇಲಿ ಹೃದಯದ ಡಾಕ್ಟರೇ ಇಲ್ವಲ್ಲಾ?" ಎಂದದ್ದಕ್ಕೆ ತಾವು, "ಡಾಕ್ಟರಿಲ್ಲದಿದ್ರೇನು, ಹುದ್ದೆ ಇದೆಯಲ್ಲಪ್ಪಾ!" ಎಂದಿರಿ. ಖಾಲಿ ಹುದ್ದೆಯಿಂದ ಚಿಕಿತ್ಸೆ ಪಡೆದು ಗುಣವಾದ ಪುಣ್ಯಾತ್ಮರ ವಿಳಾಸ ಕೊಟ್ಟರೆ ಹೋಗಿ ಕಾಲಿಗೆ ಬೀಳುತ್ತೇನೆ.

ಅಂದು ತಮ್ಮ ಕಚೇರಿಯ ಮೆಟ್ಟಿಲಿಳಿಯುವಾಗ ಒಂದು ಕೆಟ್ಟ ಯೋಚನೆ ಬಂತು, ಮುಚ್ಚಿಡುವುದಿಲ್ಲ. ಆ ಬ್ರೇಕನ್ನು ಒತ್ತದೇ ಇದ್ದಿದ್ದರೆ, ಕಾಲುವೆಯ ತಳದಿಂದ ನಮ್ಮೆಲ್ಲರ ಪರಿಹಾರದ ಕಡತಗಳು ಎಷ್ಟು ಸಲೀಸಾಗಿ ಮಂಜೂರಾಗುತ್ತಿದ್ದವು! ಯೋಚನೆ ಬಂದದ್ದಕ್ಕೇ ನಾಚಿ, ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮನೆಗೆ ಬಂದು ಹೇಳಿದಾಗ ಸಂತ್ರೋ ಸೆರಗು ತಲೆಗೆಳೆದುಕೊಂಡು ಭರ್ಪಾಯಿ ದೊಡ್ಡಮ್ಮನ ಹಳ್ಳಿಯ ಕಡೆ ಹೊರಟಳು.

ಮುಂದಿನದಕ್ಕೆ ತಾವೇ ಸಾಕ್ಷಿ. ದೊಡ್ಡಮ್ಮ ಅಂದಿನ ಪ್ರಯಾಣಿಕರಲ್ಲಿ ಸಿಕ್ಕವರನ್ನೆಲ್ಲ ಕಟ್ಟಿಕೊಂಡು ಬಂದು, ತಮ್ಮ ಮೇಜಿನೆದುರು ನೆಲದ ಮೇಲೇ ಕೂತರು. ಕುರ್ಚಿ ತರಿಸುತ್ತೇನೆಂದು ತಾವು ಎದ್ದಾಗ, "ಕುರ್ಚಿ ಬೇಡ ಮಗಾ, ಪೆನ್ನು ಹಿಡಿ" ಎಂದರು. "ಅವನ ಕಾಲನ್ನ ಬ್ರೇಕಿಂದ ತೆಗೆಯೋಕೆ ಇಬ್ಬರು ಗಂಡಸರು ಬೇಕಾಯ್ತು. ಮೈ ತಣ್ಣಗಾಗಿತ್ತು, ಬೆವರು ಸುರೀತಿತ್ತು, ಕಾಲು ಮಾತ್ರ ಬಿಡಲೊಲ್ಲದು. ಅದನ್ನ ಪ್ರಜ್ಞೆ ಅಂತೀಯಾ? ಹಾಗೇ ಬರ್ಕೋ. ಬರ್ಕೊಂಡು ಓದಿ ಹೇಳು, ಇವರೆಲ್ಲ ಕೇಳಲಿ." ಶಾಖೆಯಲ್ಲಿ ಯಾರೂ ನಗಲಿಲ್ಲ. ತಾವು ಕನ್ನಡಕ ತೆಗೆದು ಒರೆಸಿದಿರಿ, ಬಹಳ ಹೊತ್ತು ಒರೆಸಿದಿರಿ, ಆಮೇಲೆ "ತುರ್ತು ಪರಿಸ್ಥಿತಿ" ಎಂದು ಬರೆದು ಸಹಿ ಹಾಕಿದಿರಿ. ಆ ಒಂದು ಸಹಿಗಾಗಿ, ಅಣಕವಿಲ್ಲದೆ, ಕೈ ಮುಗಿಯುತ್ತೇನೆ.

ಆದರೆ ಮೇಲಿನ ಕಚೇರಿಗೆ ಹೋದ ಕಡತ ಹೊಸ ಪ್ರಶ್ನೆ ಹೊತ್ತು ಮರಳಿದೆಯಂತೆ: ಬಸ್ಸು ನಿಗದಿತ ಮಾರ್ಗ ಬಿಟ್ಟು ಆಸ್ಪತ್ರೆಗೆ ಹೋಗಲು ಅನುಮತಿ ಕೊಟ್ಟವರು ಯಾರು? ಆದಕಾರಣ ನನ್ನ ವಿನಂತಿ ಇಷ್ಟೇ. ಹೃದಯಾಘಾತವನ್ನು ಬಸ್ ನಿಲ್ದಾಣದ ವೇಳಾಪಟ್ಟಿಯಲ್ಲಿ ಸೇರಿಸಬೇಕು. ಅದು ರಜೆಯಿಲ್ಲದ ದಿನ, ಸರ್ಕಾರಿ ಆಸ್ಪತ್ರೆಯ ಬಾಗಿಲೆದುರೇ ಸಂಭವಿಸುವಂತೆ ಚಾಲಕರ ಹೃದಯಗಳಿಗೆ ಸುತ್ತೋಲೆ ಹೊರಡಿಸಬೇಕು. ಹೃದಯವು ಸುತ್ತೋಲೆ ಓದದಿದ್ದರೆ ಅದರ ಮೇಲೆ ಇಲಾಖಾ ವಿಚಾರಣೆ ನಡೆಸಬೇಕು. ಅಲ್ಲಿಯವರೆಗೆ, ದಯಮಾಡಿ, ನಮ್ಮ ಎಮ್ಮೆಯನ್ನು ಕೊಂಡವನು ಅದನ್ನು ಬೇರೆಯವರಿಗೆ ಮಾರುವ ಮೊದಲು, ಕಡತವನ್ನು ಮುಂದೆ ಸರಿಸಬೇಕು.

ಪೂರ್ವಾನುಮತಿಯಿಲ್ಲದೆ ಬದುಕಿರುವ
ತಮ್ಮ ವಿಶ್ವಾಸಿ,
ಹೋಶಿಯಾರ್ ಸಿಂಗ್

ಮರೆತ ಮಾತು: ಇನ್ನು ಮುಂದೆ ನಾನು ಬಸ್ಸು ಓಡಿಸಬಾರದೆಂದು ಡಾಕ್ಟರು ಬರೆದುಕೊಟ್ಟಿರುವುದರಿಂದ, ಇಲಾಖೆಯವರು ಕೃಪೆಯಿಟ್ಟು ನನಗೆ ಹಗುರ ಕೆಲಸ ಕೊಟ್ಟಿದ್ದಾರೆ: ಬರುವ ಸೋಮವಾರದಿಂದ ತಮ್ಮದೇ ಶಾಖೆಯಲ್ಲಿ, ತಮ್ಮ ಮೇಜಿನೆದುರೇ, ಕಡತಗಳನ್ನು ತಮ್ಮ ಮುಂದೆ ತಂದಿಡುವ ಕೆಲಸ. ದಿನವೂ ಮೊದಲು ಯಾವುದನ್ನು ತಂದಿಡುತ್ತೇನೆಂದು ತಾವು ಊಹಿಸಬಲ್ಲಿರಿ.